ಗೇಮಿನೊಳಗೆ ಒಂದು ಮುರಕಲ್ಲು

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ತಂದಿತು. ದುಡ್ಡು ಕಟ್ಟಿ ಆಡುವ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಎಲ್ಲ ಒಂದೇ ಏಟಿಗೆ ಬಂದ್. ಡ್ರೀಮ್11 ಹೆಸರು ಟೀಮ್ ಇಂಡಿಯಾದ ಜೆರ್ಸಿಯಿಂದ ಹೋಯಿತು, ಎಷ್ಟೋ ಜನರ ಕೆಲಸವೂ ಹೋಯಿತು. ಆಮೇಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಪ್ಲಸ್ ಟು ಮುಗಿಸಿದ ಮಗ ಗೇಮ್ ಡಿಸೈನ್ ಕಲಿಯುತ್ತೇನೆ ಅಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ, "ಅದು ಬಂದ್ ಆಯ್ತಲ್ವಾ ಮಾರಾಯಾ?"

ಬಂದ್ ಆದದ್ದು ಪಣಕ್ಕಿಟ್ಟು ಆಡುವ ಆಟ ಮಾತ್ರ. ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗಳಿಗೆ, ಮಾನ್ಯತೆ ಕೊಟ್ಟಿದೆ, ಪಣವಿಲ್ಲದ ಗೇಮ್‌ಗಳನ್ನು ಬೆಳೆಸುವ ಮಾತನ್ನೂ ಆಡಿದೆ. ಗೇಮ್ ತಯಾರಿಸುವ ಕೆಲಸ ಇದೆ. ಅದು ಎಂಥ ಕೆಲಸ ಅನ್ನುವುದನ್ನು ತಿಳಿದುಕೊಳ್ಳಬೇಕು.

ಬೇಕಲ ಕೋಟೆಯ ಗೋಡೆಯನ್ನು ಗೇಮಿನೊಳಗೆ ತರಬೇಕು ಅಂತಿಟ್ಟುಕೊಳ್ಳಿ. ಕೆಳದಿಯವರ ಕಾಲದ ಮುರಕಲ್ಲು. ಮೈತುಂಬ ತೂತು, ಮಳೆಗೆ ಕಪ್ಪಗಾದ ಪಾಚಿ. ಮೊದಲು ಒಬ್ಬರು ಆ ತೂತು, ಸವೆತ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೆತ್ತುತ್ತಾರೆ. ಗೇಮಿನ ವಸ್ತುಗಳೆಲ್ಲ ಸಾಮಾನ್ಯವಾಗಿ ಪುಟ್ಟ ಪುಟ್ಟ ತ್ರಿಕೋನಗಳಿಂದ ಆದವು. ಇಂಥ ಒಂದು ಕಲ್ಲಿಗೆ ಲಕ್ಷಗಟ್ಟಲೆ ತ್ರಿಕೋನ ಬೇಕಾಗಬಹುದು. ಆದರೆ ಸೆಕೆಂಡಿಗೆ 60 ಚಿತ್ರ ಓಡಬೇಕಾದರೆ ಒಂದು ಚಿತ್ರ ಬಿಡಿಸಲು ಫೋನಿಗೆ ಸಿಗುವುದು ಹೆಚ್ಚುಕಮ್ಮಿ 16 ಮಿಲಿಸೆಕೆಂಡ್. ಅಷ್ಟರಲ್ಲಿ ಇಡೀ ಕೋಟೆ ಬಿಡಿಸುವುದು ಆಗದ ಮಾತು.

ಹಾಗಾಗಿ ಅದೇ ಕಲ್ಲನ್ನು ಕೆಲವೇ ನೂರು ತ್ರಿಕೋನಗಳಲ್ಲಿ ಮತ್ತೆ ಕಟ್ಟುತ್ತಾರೆ. ಮೊದಲ ಕೆತ್ತನೆಯ ಏರುತಗ್ಗುಗಳನ್ನು ಒಂದು ಚಿತ್ರಕ್ಕೆ ಇಳಿಸಿಕೊಳ್ಳುತ್ತಾರೆ. ಇದಕ್ಕೆ ನಾರ್ಮಲ್ ಮ್ಯಾಪ್ ಅನ್ನುತ್ತಾರೆ. ಕಲ್ಲಿನ ಮೈ ಎಲ್ಲೆಲ್ಲಿ ಯಾವ ಕಡೆಗೆ ವಾಲಿದೆ ಅನ್ನುವುದು ಅದರ ಒಂದೊಂದು ಚುಕ್ಕಿಯ ಬಣ್ಣದಲ್ಲಿ ಅಡಗಿರುತ್ತದೆ. ಚಪ್ಪಟೆ ಕಲ್ಲಿಗೆ ಇದನ್ನು ಹೊದಿಸಿದರೆ ಬೆಳಕು ಬಿದ್ದಾಗ ತೂತು ಇದ್ದ ಹಾಗೇ ಕಾಣುತ್ತದೆ. ಪಾಚಿಯ ಬಣ್ಣ ಬೇರೆಯವರ ಪಾಲಿಗೆ. ದೂರದಿಂದ ಕಾಣುವಾಗ ಬಳಸಲು ಇನ್ನೂ ಹಗುರವಾದ ಕಲ್ಲು ಬೇಕು, ಅದೂ ಬೇರೆ ಕೆಲಸ. ಕೊನೆಗೆ ಟೆಸ್ಟರ್ ಗೋಡೆಯುದ್ದಕ್ಕೂ ಓಡಿಸಿ, ಆಟಗಾರ ಎಲ್ಲಾದರೂ ಕಲ್ಲಿನೊಳಗೇ ನುಗ್ಗಿಬಿಡುತ್ತಾನಾ ಅಂತ ನೋಡಬೇಕು.

ಕೆಲಸ ಹೀಗೆ ತುಂಡು ತುಂಡಾಗುವುದರಿಂದಲೇ ಅದು ದೇಶ ದಾಟಿ ನಮ್ಮಲ್ಲಿಗೆ ಬಂತು. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ವಿದೇಶಿ ಗೇಮ್‌ಗಳಿಗೆ ಚಿತ್ರ, ಮಾಡೆಲ್ ಮಾಡಿಕೊಟ್ಟೇ ಹೆಸರಾಯಿತು. 2019ರಲ್ಲಿ ಅದನ್ನು ಜಿಟಿಎ ಎಂಬ ಗೇಮ್ ಮಾಡುವ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಫ್ರಾನ್ಸಿನ ಗೇಮ್ ಕಂಪನಿ ಯೂಬಿಸಾಫ್ಟ್‌ಗೆ ಪುಣೆ, ಮುಂಬೈಯಲ್ಲಿ ಸ್ಟುಡಿಯೋ ಇದೆ.

ಬೀಡಿ ಕಟ್ಟಿದವರ ಮನೆಯಲ್ಲಿ ಈ ವ್ಯವಸ್ಥೆ ಹೊಸತಲ್ಲ. ಎಲೆ, ಹೊಗೆಸೊಪ್ಪು ಬ್ರಾಂಚಿನಿಂದ ಬರುತ್ತಿತ್ತು, ಸಾವಿರದ ಲೆಕ್ಕಕ್ಕೆ ಮಜೂರಿ, ಮೇಲಿನ ಲೇಬಲ್ ಕಂಪನಿಯದ್ದು. ಗೇಮ್ ಸ್ಟುಡಿಯೋದಲ್ಲಿ ಸಂಬಳ ಎಷ್ಟೋ ಚೆನ್ನಾಗಿದೆ, ಕೈಗೆ ಒಳ್ಳೆಯ ವಿದ್ಯೆಯೂ ಹತ್ತುತ್ತದೆ. ಆದರೆ ಜಿಟಿಎ 5 ಜಗತ್ತಿನಲ್ಲಿ 20 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ. ಅಂಥ ಗೆಲುವಿನ ದೊಡ್ಡ ಪಾಲು ಹೋಗುವುದು ಗೇಮಿನ ಹಕ್ಕು ಇಟ್ಟುಕೊಂಡವರಿಗೆ. ಅಲ್ಲಿ ಮಳೆಯಾದರೆ ಇಲ್ಲೂ ಒದ್ದೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಹಾಗೆ ಕೈ ಬಿಗಿಯಾದಾಗ ಹೊರಗೆ ಕೊಡುವ ಆರ್ಡರುಗಳ ಮೇಲೂ ಕಣ್ಣು ಬೀಳುತ್ತದೆ.

ಹಾಗಾದರೆ ನಮ್ಮದೇ ಗೇಮ್ ಮಾಡಿದರೆ? ಮೊಬೈಲ್ ಗೇಮ್ ಡೌನ್‌ಲೋಡ್‌ನಲ್ಲಿ ಭಾರತ ಜಗತ್ತಿಗೇ ಮುಂದು. ದುಡ್ಡು ಕೊಡುವವರು ಮಾತ್ರ ತೀರಾ ಕಡಿಮೆ, ಬಹಳಷ್ಟು ಗೇಮ್‌ಗಳಿಗೆ ಜಾಹೀರಾತೇ ಗತಿ. ಗೇಮಿನೊಳಗೆ ಏನಾದರೂ ಮಾರಿದರೂ ಆ್ಯಪ್ ಸ್ಟೋರ್‌ಗಳು ಸಾಮಾನ್ಯವಾಗಿ 15ರಿಂದ 30 ಶೇಕಡ ಹಿಡಿದುಕೊಳ್ಳುತ್ತವೆ. ಕಷ್ಟದ ದಾರಿ, ಆದರೆ ನಡೆದವರಿದ್ದಾರೆ. ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ರಾಜಿ ಎಂಬ ಗೇಮನ್ನು ನಮ್ಮ ಪುರಾಣಗಳ ಮೇಲೆಯೇ ಕಟ್ಟಿ ಹೊರಗಿನವರೂ ಆಡುವ ಹಾಗೆ ಮಾಡಿತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗ ಕೇಳಿ, ತೆಯ್ಯಂ ನೋಡುತ್ತಾ ರಾತ್ರಿ ಎಚ್ಚರ ಕೂತ ಮಕ್ಕಳ ತಲೆಯಲ್ಲಿ ಕತೆಗೇನು ಕೊರತೆ? ನನಗಂತೂ ಈ ಆಸೆ ದೊಡ್ಡದಾಗಿಯೇ ಇದೆ.

ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್‌ಗೆ ಪಾಲಿಸಿ ಮಾಡಿತ್ತು, ಕೇರಳವೂ ಈಗ ಮಾಡಿದೆ. ಆದರೂ ಕೆಲಸ ಬೇಕಾದರೆ ಕಾಸರಗೋಡಿನ ಮಕ್ಕಳು ಸದ್ಯಕ್ಕೆ ಬೆಂಗಳೂರು, ಪುಣೆ, ಹೈದರಾಬಾದ್ ಕಡೆಗೇ ರೈಲು ಹತ್ತಬೇಕು. ಕಲಿಯಲು ಮಾತ್ರ ಮನೆಯೇ ಸಾಕು. ಇಂಥ ಕೆತ್ತನೆ, ಮಾಡೆಲ್ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಪೂರ್ತಿ ಉಚಿತ. ಗೇಮ್ ಕಟ್ಟುವ ಸಾಫ್ಟ್‌ವೇರ್ ಅನ್‌ರಿಯಲ್ ಎಂಜಿನ್ ಬಳಸಿ ಮಾಡಿದ ಗೇಮಿನ ಗಳಿಕೆ 10 ಲಕ್ಷ ಡಾಲರ್ ದಾಟುವವರೆಗೆ ರಾಯಲ್ಟಿ ಕೇಳುವುದಿಲ್ಲ. ಆದ್ದರಿಂದ ಲಕ್ಷಗಟ್ಟಲೆ ಫೀಸು ಕಟ್ಟಿ ಕೋರ್ಸ್ ಸೇರುವ ಮೊದಲು ಮಗನೋ ಮಗಳೋ ಒಂದು ಮುರಕಲ್ಲನ್ನು ಮೇಲೆ ಹೇಳಿದ ಹಾಗೆ ಪೂರ್ತಿ ಮಾಡಿ ಮುಗಿಸಲಿ. ಕೆಲಸಕ್ಕೆ ಹೋದಾಗ ಸ್ಟುಡಿಯೋದವರು ನೋಡುವುದು ಅದನ್ನೇ: ಬಣ್ಣ ಹಚ್ಚಿದ ಚಿತ್ರ, ಜೊತೆಗೆ ಅದರಡಿಯ ತ್ರಿಕೋನಗಳ ಬಲೆ, ಎಷ್ಟು ತ್ರಿಕೋನದಲ್ಲಿ ಮುಗಿಸಿದ್ದೀರಿ ಅನ್ನುವ ಲೆಕ್ಕ.