ಕೂಸು ಎದೆ ಮೇಲಿದ್ದರೆ ಒಲೆ ಮುಂದೆ ಯಾರು?

ಒಂಬತ್ತು ತಿಂಗಳು ಅಂತ ನಾವು ಸಲೀಸಾಗಿ ಹೇಳುತ್ತೇವೆ. ವೈದ್ಯರ ಲೆಕ್ಕ ವಾರಗಳದ್ದು. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ದಿನ ತುಂಬದ ಕೂಸು. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅವರಲ್ಲಿ 30 ಲಕ್ಷದಷ್ಟು ನಮ್ಮ ದೇಶದವೇ.

ತಪ್ಪಿಹೋದ ಆ ಕೊನೆಯ ವಾರಗಳು ಸಣ್ಣವಲ್ಲ. 35ನೇ ವಾರದಲ್ಲೂ ಮೆದುಳಿನ ತೂಕ ದಿನ ತುಂಬಿದ ಮಗುವಿನ ಮೆದುಳಿನ ಮೂರನೇ ಎರಡು ಪಾಲಿನಷ್ಟೇ ಇರುತ್ತದೆ. ಮೈ ಬೆಚ್ಚಗಿಡುವ ಕೊಬ್ಬು ಚರ್ಮದಡಿ ಇನ್ನೂ ಕೂಡಿರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳಲು ಕೂಸಿಗೆ ಬರುವುದು 34 ವಾರದ ಆಸುಪಾಸಿಗೆ. ಅದಕ್ಕೂ ಮುಂಚೆ ಬಂದರೆ ಎದೆಹಾಲು ಹಿಂಡಿ ಕೊಳವೆಯಲ್ಲೋ ಒಳಲೆಯಲ್ಲೋ ಕೊಡಬೇಕು. ನಮ್ಮ ಅಜ್ಜಿಯರ ಒಳಲೆ ಈಗ ಆಸ್ಪತ್ರೆಯ ಶಿಶು ಘಟಕಗಳಲ್ಲೂ ಇದೆ.

ಹೊಟ್ಟೆಯ ಕತ್ತಲಲ್ಲಿ ಬೆಳೆಯಬೇಕಿದ್ದ ಮೆದುಳು ಈಗ ಟ್ಯೂಬ್‌ಲೈಟಿನ ಕೆಳಗೆ, ಮೆಷಿನ್‌ಗಳ ಸದ್ದಿನ ನಡುವೆ ಬೆಳೆಯಬೇಕು. ಅಲ್ಲಿ ಸಿಗುವ ಬೆಳಕು, ಸದ್ದು, ಸ್ಪರ್ಶ, ನಿದ್ದೆ ಎಲ್ಲವೂ ಅದಕ್ಕೆ ತಟ್ಟುತ್ತವೆ. ಇದಕ್ಕೆ ಸಿಕ್ಕ ಒಳ್ಳೆಯ ಉತ್ತರವೊಂದು ಬಂದದ್ದು ಬಡವರ ಆಸ್ಪತ್ರೆಯಿಂದ.

1978. ಕೊಲಂಬಿಯಾದ ರಾಜಧಾನಿ ಬೊಗೋಟಾದ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆ. ಕೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಇದ್ದವುಗಳಲ್ಲೇ ಒಂದಕ್ಕಿಂತ ಜಾಸ್ತಿ ಕೂಸುಗಳು, ಒಬ್ಬರಿಂದ ಒಬ್ಬರಿಗೆ ಸೋಂಕು. ಡಾ. ಎಡ್ಗಾರ್ ರೇ ಕೂಸುಗಳನ್ನು ಬರಿಮೈಯಲ್ಲಿ ತಾಯಿಯ ಎದೆಗೆ ನೆಟ್ಟಗೆ ಕಟ್ಟಿಸಿದರು. ಕಾಂಗರೂ ಆರೈಕೆ ಅಂತ ಹೆಸರಾಯಿತು. ತಾಯಿಯ ಮೈ ಶಾಖ ಕೂಸನ್ನು ಬೆಚ್ಚಗಿಡುತ್ತದೆ, ಉಸಿರು ಮತ್ತು ಎದೆಬಡಿತ ಹದಕ್ಕೆ ಬರುತ್ತವೆ, ತಾಯಿಗೆ ಹಾಲು ಚೆನ್ನಾಗಿ ಬರುತ್ತದೆ. ಬೊಗೋಟಾದಲ್ಲೇ ಹೀಗೆ ಬೆಳೆದ ಮಕ್ಕಳನ್ನು 20 ವರ್ಷದ ನಂತರ ನೋಡಿದಾಗ, ತೀರಾ ದುರ್ಬಲರಾಗಿ ಹುಟ್ಟಿದವರಲ್ಲಿ ಅದರ ಲಾಭ ಇನ್ನೂ ಉಳಿದಿತ್ತು.

ಆದರೂ ಎಷ್ಟೋ ವರ್ಷ ಒಂದು ನಂಬಿಕೆ ಹಾಗೇ ಉಳಿಯಿತು: ಮೊದಲು ಮೆಷಿನ್, ಕೂಸು ಸುಧಾರಿಸಿದ ಮೇಲೆ ಅಮ್ಮ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ತಿರುಗಿಸಿತು. ನಮ್ಮಲ್ಲಿ ಅದು ನಡೆದದ್ದು ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ತಾಯಿಯ ಮಂಚವನ್ನೇ ತೀವ್ರ ನಿಗಾ ಘಟಕದೊಳಗೆ ಹಾಕಿದರು. 1 ಕೆಜಿಯಿಂದ 1.8 ಕೆಜಿ ಒಳಗಿನ ಕೂಸುಗಳು ಹುಟ್ಟಿದ ಕೂಡಲೇ ಎದೆಗೇರಿದವು. ಸುಧಾರಿಸುವವರೆಗೆ ಕಾದ ಗುಂಪಿನಲ್ಲಿ ಮೊದಲ 28 ದಿನದಲ್ಲಿ ಶೇ. 15.7 ಕೂಸುಗಳು ತೀರಿಕೊಂಡರೆ, ಕೂಡಲೇ ಎದೆಗೇರಿದ ಗುಂಪಿನಲ್ಲಿ ಶೇ. 12. ನೂರಕ್ಕೆ ಮೂರ್ನಾಲ್ಕು ಕೂಸುಗಳ ಜೀವ! ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನೇ ಬೇಗ ನಿಲ್ಲಿಸಿದರು.

ಅದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ಆ ಕೂಸುಗಳು ಎದೆಯ ಮೇಲಿದ್ದದ್ದು ದಿನಕ್ಕೆ ಸುಮಾರು 17 ಗಂಟೆ. ಇದು ಖರ್ಚಿಲ್ಲದ ಚಿಕಿತ್ಸೆ ಅಂತ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಲಿಗೆ ಹೋಗುವ ಹೆಂಗಸಿನ 17 ಗಂಟೆ ಯಾವ ಲೆಕ್ಕದಲ್ಲಿ ಪುಕ್ಕಟೆ? ಮನೆಯಲ್ಲಿ ಇನ್ನೊಂದು ಮಗು ಇರುತ್ತದೆ, ನೀರು ತರಬೇಕು, ಒಲೆ ಹಚ್ಚಬೇಕು. ಡಿಸ್ಚಾರ್ಜ್ ಆದ ಮಾರನೇ ದಿನದಿಂದ ಕೂಸು ಜೋಳಿಗೆ ಸೇರುವುದು ತಾಯಿಯ ಅಸಡ್ಡೆಯಿಂದಲ್ಲ.

ಹಾಗಾಗಿ ಅತ್ತೆಯ ಎದೆಯೂ ಬೇಕು, ಗಂಡನದ್ದೂ ಬೇಕು. ಗಂಡಸರ ಮೈಯೂ ಕೂಸನ್ನು ಅಷ್ಟೇ ಬೆಚ್ಚಗಿಡುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರದ ಜೊತೆ ಸೇರಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸ ಮಾಡಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತಾಯಿಯ ಜೊತೆ ಅತ್ತೆಯನ್ನೂ ಕೂರಿಸಿ ಮಾತಾಡಿದರೆ ಅರ್ಧ ಕೆಲಸ ಆದಂತೆ.

ಇನ್ನು ಆಟ, ಮಾತು. ಇದಕ್ಕೆ ದುಡ್ಡಿನ ಆಟಿಕೆ ಬೇಡ. ಒಂದು ಗೇಣಿನಷ್ಟು ದೂರದಲ್ಲಿ ಅಮ್ಮನ ಮುಖ, ಮೆಲ್ಲಗೆ ಒಂದು ಲಾಲಿ, ಅಷ್ಟು ಸಾಕು. ಆದರೆ ಈ ಕೂಸುಗಳು ಬೇಗ ದಣಿಯುತ್ತವೆ. ಮುಖ ತಿರುಗಿಸಿದರೆ, ಬೆರಳು ಅಗಲಿಸಿ ಚಾಚಿದರೆ, ಬಿಕ್ಕಳಿಸಿದರೆ ಸಾಕು ಅನ್ನುತ್ತಿದೆ ಅಂತ. ಆಗ ಸುಮ್ನೆ ಎದೆಗೊತ್ತಿಕೊಂಡಿರಿ.

ವಯಸ್ಸಿನ ಲೆಕ್ಕವೂ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿಗೆ ಆರು ತಿಂಗಳಾದಾಗ, ನಾಲ್ಕು ತಿಂಗಳ ಮಗು ಮಾಡುವುದನ್ನೇ ನಿರೀಕ್ಷಿಸಬೇಕು. ಎರಡು ವರ್ಷದವರೆಗೆ ಹೀಗೇ. ಲಸಿಕೆ ಮಾತ್ರ ಹುಟ್ಟಿದ ದಿನದ ಲೆಕ್ಕಕ್ಕೆ. ಪಕ್ಕದ ಮನೆ ಮಗು ಕೂತಿತು, ನಿಮ್ಮದಿನ್ನೂ ಇಲ್ವಾ ಅಂತ ಕೇಳುವವರಿಗೆ ತಾಯಿ ಹೇಳಬಹುದಾದ ಉತ್ತರ ಇದು. ಈ ಲೆಕ್ಕ ಹಾಕಿದ ಮೇಲೂ ಮಗು ಹಿಂದುಳಿದರೆ ಕಾಯಬಾರದು. ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕರೆದೊಯ್ಯಬೇಕು.

ಕಣ್ಣಿನ ಪರೀಕ್ಷೆಗಂತೂ ಕಾಯುವಂತೆಯೇ ಇಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ, ಇಲ್ಲವೇ 2 ಕೆಜಿಗಿಂತ ಕಡಿಮೆ ತೂಕದ ಕೂಸಿನ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಹೊರಗೆ ಏನೂ ಕಾಣುವುದಿಲ್ಲ. ಹುಟ್ಟಿದ 30 ದಿನದೊಳಗೆ ನೋಡಿಸಿದರೆ, ಬೇಕಾದಾಗ ಲೇಸರ್ ಮಾಡಿ ಕಣ್ಣು ಉಳಿಸಬಹುದು. ಇದಕ್ಕಾಗಿಯೇ ಬೆಂಗಳೂರಿನ ಕಣ್ಣಿನ ಆಸ್ಪತ್ರೆ ನಾರಾಯಣ ನೇತ್ರಾಲಯ 2008ರಿಂದ ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಿದೆ. ಆ 30ನೇ ದಿನ ಬರುವುದು ನಡು ಬಾಣಂತನದಲ್ಲಿ, ಹಸಿ ಬಾಣಂತಿ ಹೊಸಿಲು ದಾಟಬಾರದು ಅನ್ನುವ ದಿನಗಳಲ್ಲೇ. ಆಸ್ಪತ್ರೆಯವರು ಕೂಸಿನ ಕಾರ್ಡಿನ ಮೇಲೆ ಆ ತಾರೀಖು ಬರೆಯುವಾಗ ಮನೆಯ ಹಿರಿಯರನ್ನು ಎದುರಿಗೆ ಕೂರಿಸಿಕೊಂಡೇ ಬರೆಯಬೇಕು. ಅವತ್ತು ಕೂಸನ್ನು ಯಾರು ಕರೆತರುತ್ತಾರೆ, ಯಾವ ಬಸ್ಸಿಗೆ ಅನ್ನುವುದೂ ಅಲ್ಲೇ ತೀರ್ಮಾನ ಆಗಲಿ.