ಪಂಡಿತಾ ರಮಾಬಾಯಿ: 'ಶಾರದಾ ಸದನ' ಅಂತ ಬಾಯಿಪಾಠ ಮಾಡಿದ್ರೆ ಸಾಲ್ದು

ಪರೀಕ್ಷೆ ಗೈಡುಗಳಲ್ಲಿ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ಬಗ್ಗೆ ಎರಡೇ ಲೈನು ಇರುತ್ತೆ, ಶಾರದಾ ಸದನ ಸ್ಥಾಪಿಸಿದ್ರು, ಮತಾಂತರ ಆದ್ರು, ಮುಗೀತು. ಅದಕ್ಕೆ ಸ್ವಲ್ಪ ಬಿಡಿಸಿ ಬರೀತಿದೀನಿ.

ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೇ ಸಂಪ್ರದಾಯಸ್ಥರ ವಿರೋಧ ಕಟ್ಕೊಂಡಿದ್ರು, ಆಮೇಲೆ ಆ ಅಮ್ಮ ಲಕ್ಷ್ಮೀಬಾಯೇ ಮಗಳಿಗೆ ಪಾಠ ಹೇಳಿದ್ದು. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂರೂ ಜನ ಹೋದ್ರು. ಅಣ್ಣ ಶ್ರೀನಿವಾಸನ ಜೊತೆ ಊರೂರು ಅಲೀತಾ 1878ರಲ್ಲಿ ಕಲ್ಕತ್ತಾ ಸೇರಿದಾಗ ಅಲ್ಲಿನ ವಿದ್ವಾಂಸರು ಈಕೆ ಸಂಸ್ಕೃತ ಕೇಳಿ ಕೊಟ್ಟ ಬಿರುದೇ 'ಪಂಡಿತಾ', 'ಸರಸ್ವತಿ'. 1880ರಲ್ಲಿ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರನ್ನ ಜಾತಿ ಮೀರಿ ಮದುವೆ ಆದ್ರು, 1882ರಲ್ಲಿ ಅವರೂ ತೀರಿಕೊಂಡ್ರು, ಕೈಯಲ್ಲಿ ಪುಟ್ಟ ಮಗಳು ಮನೋರಮಾ.

ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಶುರು ಮಾಡಿದ್ರು. ಬ್ರಿಟಿಷ್ ಸರ್ಕಾರ ಶಿಕ್ಷಣದ ಪರಿಶೀಲನೆಗೆ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಸಾಕ್ಷಿನೂ ಹೇಳಿದ್ರು, ಇದನ್ನ ಮಾತ್ರ ಚೆನ್ನಾಗಿ ಓದ್ಕೊಳ್ಳಿ. ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಹೆಣ್ಮಕ್ಕಳ ಓದಿಗೆ ವಿರೋಧಿಗಳೇ, ಸಾಸಿವೆಯಷ್ಟು ತಪ್ಪು ಸಿಕ್ಕಿದ್ರೂ ಬೆಟ್ಟ ಮಾಡ್ತಾರೆ ಅಂತ ನೇರವಾಗೇ ಹೇಳಿದ್ರು. ಬರೀ ದೂರಲ್ಲ, ಬೇಡಿಕೆನೂ ಇತ್ತು: ಶಿಕ್ಷಕಿಯರಿಗೆ ಟ್ರೈನಿಂಗ್, ಶಾಲೆಗೆ ಮಹಿಳಾ ಇನ್ಸ್‌ಪೆಕ್ಟರ್, ಗಂಡು ಡಾಕ್ಟರ ಹತ್ರ ಹೇಳ್ಕೊಳ್ಳೋಕಾಗದೆ ಹೆಂಗಸರು ಸಾಯ್ತಿದಾರೆ ಅಂತ ಮಹಿಳಾ ವೈದ್ಯರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ ಕ್ರೈಸ್ತರಾದ್ರು. ಆದ್ರೆ ಚರ್ಚು ಹೇಳಿದ್ದಕ್ಕೆಲ್ಲ ತಲೆ ಆಡಿಸ್ಲಿಲ್ಲ. ಶಿಲುಬೆ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರ್ದು ಅಂತ ಕೇಳಿದ್ರು, ಗಂಡು ಹುಡುಗರಿಗೆ ಪಾಠ ಮಾಡೋದಕ್ಕೆ ಬಿಷಪ್‌ಗಳು ಅಡ್ಡ ಬಂದಾಗ ಅದಕ್ಕೂ ವಾದಕ್ಕೆ ನಿಂತ್ರು. ನನ್ ಪ್ರಕಾರ ರಮಾಬಾಯಿ ಹಿಂದೂ ಸಂಪ್ರದಾಯಸ್ಥರಿಗೂ ಚರ್ಚಿನವರಿಗೂ ಬೇಡವಾಗಿದ್ದು ಇದಕ್ಕೇ.

1889ರಲ್ಲಿ ಮುಂಬೈಲಿ ವಿಧವೆಯರಿಗೆ ಶಾರದಾ ಸದನ ಅನ್ನೋ ವಸತಿ ಶಾಲೆ, ಮರುವರ್ಷ ಪುಣೆಗೆ ಶಿಫ್ಟ್. ದುಡ್ಡು ಅಮೆರಿಕದ್ದು, ಧರ್ಮಬೋಧನೆ ಇರಲ್ಲ ಅನ್ನೋದು ಕರಾರು. ಆದ್ರೆ ರಮಾಬಾಯಿ ಪ್ರಾರ್ಥನೆ ಮಾಡುವಾಗ ಕೋಣೆ ಬಾಗಿಲು ಹಾಕ್ತಿರಲಿಲ್ಲ, ಹುಡುಗಿಯರು ಬಂದು ಕೂರೋರು. ಇದೇ ದೊಡ್ಡ ಗಲಾಟೆ ಆಗಿ, ತಿಲಕರ 'ಕೇಸರಿ' ಪತ್ರಿಕೆ ಹರಿಹಾಯ್ದು, 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಸುಧಾರಕರೇ ಸಲಹಾ ಸಮಿತಿ ಬಿಟ್ರು, ಎಷ್ಟೋ ಜನ ಮಕ್ಕಳನ್ನ ವಾಪಸ್ ಕರ್ಕೊಂಡು ಹೋದ್ರು. ತಮಾಷೆ ಅಂದ್ರೆ ಅದೇ ವರ್ಷ ಮಹಿಳಾ ಶಿಕ್ಷಣಕ್ಕೆ ದುಡಿದ ಸುಧಾರಕ ಧೋಂಡೋ ಕೇಶವ ಕರ್ವೆ ಮದುವೆ ಆದ ವಿಧವೆ ಗೋದೂಬಾಯಿ ಈ ಸದನದಲ್ಲೇ ಓದಿದವರು.

ಮುಂದೆ 1896-97ರ ಬರದಲ್ಲಿ ನೂರಾರು ಹೆಣ್ಮಕ್ಕಳನ್ನ ಕರೆತಂದು ಪುಣೆ ಹತ್ರ ಕೆಡಗಾಂವ್‌ನಲ್ಲಿ ಆಸರೆ ಕೊಟ್ರು, ಅದೇ ಮುಕ್ತಿ ಮಿಷನ್. ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ಬೈಬಲ್ ಅನುವಾದಿಸಿದ್ರು. 1922ರಲ್ಲಿ ನಿಧನ.

ಕೊನೇದಾಗಿ, ಎಂಸಿಕ್ಯೂನಲ್ಲಿ ರಮಾಬಾಯಿ ರಾನಡೆ ಅಂತ ಆಪ್ಷನ್ ಕೊಟ್ಟು ಯಾಮಾರಿಸ್ತಾರೆ. ಅವರು ರಾನಡೆಯವರ ಹೆಂಡತಿ, ಪುಣೆಯ ಸೇವಾ ಸದನದವರು. ಸದನ ಅಂತ ಕಂಡ ತಕ್ಷಣ ಟಿಕ್ ಹಾಕ್ಬೇಡಿ.