ಬ್ರೇಕ್ ಲ್ಯಾಗ್: ಪೆಡಲಿಗೂ ಟ್ರೇಲರಿನ ಚಕ್ರಕ್ಕೂ ನಡುವಿನ ವಿಳಂಬ

ಚಾಲಕನು ಬ್ರೇಕ್ ಪೆಡಲ್ ತುಳಿದ ಕ್ಷಣಕ್ಕೂ ಹಿಂದಿನ ಟ್ರೇಲರಿನ ಚಕ್ರಗಳಲ್ಲಿ ಲೈನರು (ಬ್ರೇಕಿನ ಉಜ್ಜುವ ಪಟ್ಟಿ) ಚಕ್ರದೊಂದಿಗೆ ತಿರುಗುವ ಡ್ರಮ್ಮನ್ನು ಹಿಡಿಯುವ ಕ್ಷಣಕ್ಕೂ ನಡುವೆ ಕಳೆಯುವ ಅವಧಿಯನ್ನು ಬ್ರೇಕ್ ಲ್ಯಾಗ್ ಎನ್ನುತ್ತಾರೆ. ಬ್ರೇಕು ಸರಿಯಾಗಿ ಹಿಡಿಯದಿರುವುದು ಬೇರೆ ದೋಷ, ಬಲವಾಗಿಯೇ ಹಿಡಿದರೂ ತಡವಾಗಿ ಹಿಡಿಯುವುದು ಬೇರೆ ದೋಷ. ಲ್ಯಾಗ್ ಎಂಬುದು ಎರಡನೆಯದರ ಹೆಸರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುವುದರಿಂದ, ಅರ್ಧ ಸೆಕೆಂಡು ತಡವಾದರೂ ಎಂಟು ಮೀಟರಿಗಿಂತ ಹೆಚ್ಚು ದೂರ ಹಿಂದಿನ ಭಾರವೆಲ್ಲ ಮುಂದಿನ ವಾಹನವನ್ನು ನೂಕುತ್ತಲೇ ಇರುತ್ತದೆ. ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ, ಅದೂ ತಿರುವಿನಲ್ಲಿ, ಹೀಗೆ ನೂಕಿಸಿಕೊಂಡ ವಾಹನ ಅಡ್ಡ ತಿರುಗಿ ನಿಲ್ಲುವ ಅಪಾಯವಿದೆ.

ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಸಾಗಿಸುವ ಭಾರಿ ಲಾರಿಗಳಲ್ಲಿ ಇರುವುದು ಗಾಳಿಯ ಬ್ರೇಕು. ಅಲ್ಲಿ ಒತ್ತಡವು ಉದ್ದನೆಯ ಪೈಪಿನಲ್ಲಿ ಕೊನೆಯ ಆಕ್ಸಲಿನವರೆಗೆ ಸಾಗಬೇಕಾದ ಕಾರಣ, ಮುನಿರಾಬಾದಿನಲ್ಲಿ ಎಡದಂಡೆ ನಾಲೆಗೆ ಬಿಟ್ಟ ನೀರು ರಾಯಚೂರಿನ ಕೆಳಭಾಗದ ಹೊಲಗಳಿಗೆ ತಡವಾಗಿ ತಲುಪುವಂತೆ, ಹಿಂದಿನ ಚಕ್ರಕ್ಕೆ ಬ್ರೇಕು ಕೊಂಚ ತಡವಾಗಿಯೇ ಬರುತ್ತದೆ. ಈ ಬರಹದ ವಿಷಯ ಅದಲ್ಲ; ನಮ್ಮ ಕಡೆ ಇನ್ನೂ ಅಪರೂಪವಾಗಿರುವ, ವಿದ್ಯುತ್ತಿನಿಂದ ನಡೆಯುವ ಹೈಡ್ರಾಲಿಕ್ ಬ್ರೇಕು. ಇದರಲ್ಲಿ ಚಾಲಕನ ಕೈಯಳತೆಯಲ್ಲಿರುವ ಕಂಟ್ರೋಲರು ಒಂದು ವೈರಿನ ಮೂಲಕ ಟ್ರೇಲರಿಗೆ ಸಂಕೇತ ಕಳಿಸುತ್ತದೆ. ಟ್ರೇಲರಿನ ಮುಂಭಾಗದಲ್ಲಿ ಕೂರಿಸಿದ ಆಕ್ಚುಯೇಟರಿನೊಳಗಿನ ಮೋಟಾರು ಪಂಪನ್ನು ಓಡಿಸಿ ಬ್ರೇಕ್ ಆಯಿಲಿನಲ್ಲಿ ಒತ್ತಡ ಹುಟ್ಟಿಸುತ್ತದೆ: ಡ್ರಮ್ ಬ್ರೇಕಿಗೆ ಸಾಮಾನ್ಯವಾಗಿ 1,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಡಿಸ್ಕಿಗೆ 1,600 ಪಿಎಸ್‌ಐ. ಪಂಪು ವೇಗ ಪಡೆಯಲು ತುಸು ಸಮಯ ಬೇಕಾಗುವುದರಿಂದ ಅತಿ ಸಣ್ಣ ವಿಳಂಬ ಸಹಜ. ನಿನ್ನೆಯವರೆಗೆ ಇಲ್ಲದ ವಿಳಂಬ ಇಂದು ಕಾಣಿಸಿಕೊಂಡರೆ ಅದು ದೋಷ.

ತಡವಾಗುತ್ತಿದೆ ಎಂದೊಡನೆ ಬಹುತೇಕ ಮೆಕ್ಯಾನಿಕ್‌ಗಳು ಪೈಪಿನಲ್ಲಿ ಗಾಳಿ ಸೇರಿದೆಯೆಂದು ಭಾವಿಸಿ ಬ್ಲೀಡ್ ಮಾಡಲು, ಅಂದರೆ ಆಯಿಲಿನೊಂದಿಗೆ ಆ ಗಾಳಿಯನ್ನು ಹೊರಬಿಡಲು, ಕೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪಾನಾ ಹಿಡಿಯುವ ಮೊದಲು ಮಲ್ಟಿಮೀಟರ್ ಹಿಡಿಯಬೇಕು. ಆಕ್ಚುಯೇಟರಿನ ಮೋಟಾರು ಬಹಳ ಕರೆಂಟ್ ಎಳೆಯುತ್ತದೆ. ತೆಳುವಾದ ವೈರು, ಕೆಂಧೂಳು ಮತ್ತು ತೇವ ಸೇರಿ ಹಸಿರುಗಟ್ಟಿದ ಪ್ಲಗ್ ಪಿನ್ನು, ಬಣ್ಣದ ಮೇಲೆಯೇ ಬಿಗಿದ ಅರ್ಥ್ ಬೋಲ್ಟು, ಇವುಗಳಲ್ಲಿ ಯಾವುದೊಂದಿದ್ದರೂ ಮೋಟಾರಿಗೆ ತಲುಪುವ ವೋಲ್ಟೇಜ್ ಕುಸಿದು ಪಂಪು ನಿಧಾನವಾಗಿ ಏಳುತ್ತದೆ. ಪಂಪು ನಿಂತಿರುವಾಗ ಅಳೆದರೆ ಈ ದೋಷ ಕಾಣುವುದೇ ಇಲ್ಲ, ಏಕೆಂದರೆ ಕರೆಂಟ್ ಹರಿಯದಿದ್ದರೆ ಕೆಟ್ಟ ಜೋಡಣೆಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಸಹಾಯಕನೊಬ್ಬನು ಬ್ರೇಕು ಕೊಟ್ಟು ಪಂಪು ಓಡಿಸುತ್ತಿರುವಾಗ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಆಕ್ಚುಯೇಟರಿನ ಅರ್ಥ್ ತುದಿಗೂ ಇಡಬೇಕು. ಅಲ್ಲಿ ಸೊನ್ನೆಯ ಹತ್ತಿರದ ಅಂಕಿ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಆ ಬೋಲ್ಟನ್ನು ಬಿಚ್ಚಿ, ಲೋಹ ಹೊಳೆಯುವಂತೆ ಕೆರೆದು, ಮತ್ತೆ ಬಿಗಿಯುವುದು ಮೊದಲ ಕೆಲಸ.

ದೋಷ ಎಲ್ಲಿದೆಯೆಂದು ಬೇರ್ಪಡಿಸಲು ಇನ್ನೊಂದು ಸುಲಭ ಪರೀಕ್ಷೆಯಿದೆ. ಟ್ರೇಲರು ಕಳಚಿಕೊಂಡರೆ ತಾನಾಗಿಯೇ ಬ್ರೇಕು ಹಿಡಿಸುವ ಬ್ರೇಕ್‌ಅವೇ ಸ್ವಿಚ್ಚಿನ ಪಿನ್ನನ್ನು ಎಳೆದಾಗ ಕಂಟ್ರೋಲರಿನ ಹಂಗಿಲ್ಲದೆ ಪಂಪು ಪೂರ್ಣ ಬಲದಿಂದ ಓಡುತ್ತದೆ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಚಕ್ರವನ್ನು ಜಾಕಿನಿಂದ ಎತ್ತಿ ತಿರುಗಿಸುತ್ತ ಪಿನ್ ಎಳೆದಾಗ ಚಕ್ರ ಕೂಡಲೇ ನಿಂತರೆ, ಪೆಡಲ್ ತುಳಿದಾಗ ಮಾತ್ರ ತಡವಾಗುತ್ತಿದ್ದರೆ, ದೋಷ ಕಂಟ್ರೋಲರಿನಲ್ಲಿ, ಸಂಕೇತದ ವೈರಿನಲ್ಲಿ ಅಥವಾ ವಾಹನದಿಂದ ಕರೆಂಟ್ ತರುವ ವೈರು, ಪ್ಲಗ್ಗಿನಲ್ಲಿದೆ. ಕೆಲವು ಕಂಟ್ರೋಲರುಗಳನ್ನು ಹೈಡ್ರಾಲಿಕ್ ಬ್ರೇಕಿನ ಸೆಟ್ಟಿಂಗಿಗೆ ಬದಲಿಸಿಟ್ಟುಕೊಳ್ಳಬೇಕಾಗುತ್ತದೆ. ಇನ್ನು ಕೆಲವು ಸಮಯಾಧಾರಿತವಾಗಿದ್ದು, ಬಲವನ್ನು ಹಂತಹಂತವಾಗಿ ಏರಿಸುವ ಕಾರಣ ವಿಳಂಬ ಅವುಗಳೊಳಗೇ ಇರುತ್ತದೆ. ಪಿನ್ ಎಳೆದರೂ ತಡವಾದರೆ ಟ್ರೇಲರಿನ ಬ್ಯಾಟರಿ, ಅರ್ಥ್, ಆಮೇಲೆ ಆಯಿಲಿನ ಭಾಗ, ಈ ಅನುಕ್ರಮದಲ್ಲಿ ನೋಡಬೇಕು.

ಆಯಿಲಿನ ಭಾಗದಲ್ಲಿ ಕಾರಣಗಳು ಮೂರು ನಾಲ್ಕೇ. ಗಾಳಿ ಒತ್ತಿದಾಗ ಕುಗ್ಗುವುದರಿಂದ ಪಂಪಿನ ಮೊದಲ ಶ್ರಮವೆಲ್ಲ ಅದಕ್ಕೇ ಹೋಗುತ್ತದೆ. ಹಳೆಯ ರಬ್ಬರ್ ಹೋಸು ಉಬ್ಬುತ್ತದೆ. ಲೈನರು ಸವೆದು ಡ್ರಮ್ಮಿನಿಂದ ದೂರವಾಗಿದ್ದರೆ ಆ ಅಂತರ ತುಂಬುವಷ್ಟು ಆಯಿಲು ಮೊದಲು ಹರಿಯಬೇಕು. ಚಕ್ರ ಸ್ವಲ್ಪ ಉಜ್ಜುವವರೆಗೆ, ಲೈನರನ್ನು ಡ್ರಮ್ಮಿನ ಹತ್ತಿರಕ್ಕೆ ತರುವ ಅಡ್ಜಸ್ಟರ್ ತಿರುಗಿಸಿ, ತುಸು ಹಿಂದಕ್ಕೆ ಸಡಿಲಿಸಿದರೆ ಮೂರನೆಯದು ಸರಿಹೋಗುತ್ತದೆ. ಬ್ಲೀಡ್ ಮಾಡುವುದಾದರೆ ಆಕ್ಚುಯೇಟರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಬೇಕು. ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕು. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯಬಹುದು. ಉದ್ದ ಇಳಿಜಾರಿನಲ್ಲಿ ಡ್ರಮ್ ಕಾದಾಗ ಇಂಥ ಆಯಿಲು ಕುದಿದು ಆವಿಯಾದರೆ ಪೈಪಿನೊಳಗೆ ಗಾಳಿ ಸೇರಿದಂತೆಯೇ ಆಗುತ್ತದೆ. ಕಡಿಮೆಯಾದ ಆಯಿಲಿಗೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲು ಸುರಿಯಬಾರದು, ಅದರಿಂದ ಸಿಲಿಂಡರಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಟ್ರ್ಯಾಕ್ಟರ್, ಪಿಕಪ್‌ಗಳಲ್ಲಿ 12 ವೋಲ್ಟ್ ಇದ್ದರೆ ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಆಕ್ಚುಯೇಟರನ್ನು ಲಾರಿಗೆ ನೇರವಾಗಿ ಜೋಡಿಸುವುದು ಯಾವ ಕಾರಣಕ್ಕೂ ಸಲ್ಲದು. ದುರಸ್ತಿಯ ನಂತರ ಪರೀಕ್ಷೆಯನ್ನು ಸಮತಟ್ಟಾದ ಖಾಲಿ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ, ಮೊದಲು ಖಾಲಿ ಟ್ರೇಲರಿನೊಂದಿಗೆ, ಆಮೇಲೆ ಅರ್ಧ ಲೋಡಿನೊಂದಿಗೆ ಮಾಡಿ, ಎಲ್ಲ ಚಕ್ರಗಳ ಡ್ರಮ್ಮೂ ಹೆಚ್ಚು ಕಡಿಮೆ ಒಂದೇ ಸಮ ಬಿಸಿಯಾಗಿವೆಯೇ ಎಂದು ನೋಡಬೇಕು. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರದ ಬ್ರೇಕನ್ನು ಮತ್ತೆ ಬಿಚ್ಚಬೇಕು.